ಬಂದೋರು ತಡಕಾಡದೆ ಕೆಲಸ ಮುಗಿಸೋ ಹಂಗೆ ವೆಬ್ ಪುಟ ಮಾಡೋದು: ಮೊದಲಿಂದ ಕೊನೇವರೆಗೆ, ಕ್ರಮವಾಗಿ

"ಪುಟ ನೋಡೋಕೆ ಚೆನ್ನಾಗೇ ಇದೆ, ಮಾಹಿತಿ ಎಲ್ಲಾ ಹಾಕಿದೀನಿ, ಆದ್ರೂ ಜನ ಬಂದ ಹಂಗೇ ವಾಪಸ್ ಹೋಗ್ತಾರೆ, ಇಲ್ಲಾಂದ್ರೆ ಪುಟದಲ್ಲೇ ಇರೋ ವಿಷಯನ ಫೋನ್ ಮಾಡಿ ಕೇಳ್ತಾರೆ." ನನ್ನ ಹತ್ರ ಈ ದೂರು ಬಂದಷ್ಟು ಇನ್ಯಾವ್ದೂ ಬಂದಿಲ್ಲ. ದೂರು ತಂದೋರ ಪುಟ ತೆಗೆದು ನೋಡಿದ್ರೆ ಹೆಚ್ಚೂ ಕಮ್ಮಿ ಎಲ್ಲಾ ಕಡೆ ಒಂದೇ ಕಥೆ: ಕೆಲಸದ ಕ್ರಮ ತಲೆಕೆಳಗಾಗಿರತ್ತೆ. ಮೊದಲು ಥೀಮ್ ಆರಿಸ್ತಾರೆ, ಆಮೇಲೆ ಬಣ್ಣ, ಆಮೇಲೆ ದೊಡ್ಡ ಫೋಟೋ, ಕೊನೇಗೆ ಖಾಲಿ ಉಳಿದಿರೋ ಜಾಗದಲ್ಲಿ ಮಾತು ತುಂಬಿಸ್ತಾರೆ. ಬಂದೋರು ಹುಡುಕ್ತಾ ಇರೋದು ಆ ಮಾತನ್ನೇ.

ಅದಕ್ಕೇ ಈ ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ಹಾರಿಸ್ಬೇಡಿ. ಪುಟ ಈಗಾಗ್ಲೇ ಇದ್ರೂ ಒಂದನೇ ಹಂತದಿಂದಾನೇ ಶುರು ಮಾಡಿ, ಇರೋದನ್ನ ಕಿತ್ತು ಹಾಕ್ಬೇಕು ಅಂತೇನಿಲ್ಲ, ಜಾಗ ಬದಲಾಯಿಸಿದ್ರೇ ಅರ್ಧ ಸರಿಹೋಗತ್ತೆ. ಉದಾಹರಣೆಗೆ ಒಂದು ಚಿಕ್ಕ ಲೈಬ್ರರಿಯ ಪುಟ ಇಟ್ಕೊಳ್ತೀನಿ, ನೀವು ನಿಮ್ಮದನ್ನ ಆ ಜಾಗದಲ್ಲಿ ಇಟ್ಟು ಓದ್ಕೊಳ್ಳಿ.

## ಶುರು ಮಾಡೋ ಮೊದಲು ಕೈಯಲ್ಲಿ ಏನಿರಬೇಕು

ಪೇಪರ್, ಪೆನ್ನು. ಒಂದು ಹಳೇ, ನಿಧಾನದ ಫೋನ್, ಹೊಸಾದಲ್ಲಿ ಎಲ್ಲಾ ಪುಟಾನೂ ಚೆನ್ನಾಗೇ ಓಡತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ. ಕಂಪ್ಯೂಟರಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್, ಅದರಲ್ಲಿ ಎಫ್12 ಒತ್ತಿದ್ರೆ ಬರೋ ಡೆವಲಪರ್ ಟೂಲ್ಸ್. ಕ್ರೋಮ್ ಒಳಗೇ ಲೈಟ್‌ಹೌಸ್ ಅಂತ ಪುಟದ ವೇಗ, ತಪ್ಪುಗಳನ್ನ ಅಳೆಯೋ ಪರೀಕ್ಷೆ ಇದೆ, ಜೊತೆಗೆ ಅಂಗವಿಕಲರಿಗೆ ಅಡ್ಡಿಯಾಗೋ ತಪ್ಪು ತೋರಿಸೋ ವೇವ್ ಅನ್ನೋ ಎಕ್ಸ್‌ಟೆನ್ಶನ್ ಹಾಕ್ಕೊಳ್ಳಿ. ಸ್ಕ್ರೀನ್ ರೀಡರ್, ಅಂದ್ರೆ ಕಣ್ಣು ಕಾಣದೋರಿಗೆ ಪರದೆ ಓದಿ ಹೇಳೋ ಸಾಫ್ಟ್‌ವೇರ್ ಒಂದು ಬೇಕು: ವಿಂಡೋಸಿಗೆ ಎನ್‌ವಿಡಿಎ ಫ್ರೀಯಾಗಿ ಸಿಗತ್ತೆ, ಆಂಡ್ರಾಯ್ಡಲ್ಲಿ ಟಾಕ್‌ಬ್ಯಾಕ್, ಐಫೋನಲ್ಲಿ ವಾಯ್ಸ್‌ಓವರ್ ಮೊದಲೇ ಇರತ್ತೆ. ಕೊನೇದಾಗಿ ನಿಮ್ಮ ಪುಟ ಒಂದ್ಸಲಾನೂ ನೋಡದೇ ಇರೋ ಮೂರು-ನಾಲ್ಕು ಜನ. ಅವರನ್ನ ಈಗ್ಲೇ ಕೇಳಿಟ್ಕೊಳ್ಳಿ, ಕೊನೇಲಿ ಹುಡುಕೋಕೆ ಹೋದ್ರೆ ಯಾರೂ ಸಿಗಲ್ಲ, ಆ ಹಂತಾನೇ ಬಿಟ್ಟುಬಿಡ್ತೀರಿ.

## ಹಂತ 1: ಬರೋರ ಕೆಲಸ ಏನು ಅಂತ ಬರೀರಿ

ಪೇಪರ್ ತಗೊಂಡು, ಜನ ನಿಮ್ಮ ಪುಟಕ್ಕೆ ಯಾಕೆ ಬರ್ತಾರೆ ಅನ್ನೋದನ್ನ ಅವರದೇ ಬಾಯಿಮಾತಲ್ಲಿ ಬರೀರಿ. "ಇವತ್ತು ತೆಗ್ದಿರತ್ತಾ?" "ಮೆಂಬರ್ ಆಗೋಕೆ ಏನೇನು ತರಬೇಕು?" "ತಗೊಂಡೋಗಿರೋ ಪುಸ್ತಕ ಇನ್ನೊಂದು ವಾರ ಇಟ್ಕೋಬಹುದಾ?" ಇಷ್ಟು ಸರಳವಾಗಿರಲಿ. ಊಹೆ ಮಾಡಿ ಬರೀಬೇಡಿ, ಒಂದು ವಾರ ಬರೋ ಫೋನು, ಇಮೇಲು, ಎದುರು ನಿಂತು ಕೇಳೋ ಪ್ರಶ್ನೆ ಎಲ್ಲಾ ಗೀಟು ಹಾಕಿ ಎಣಿಸಿ. ಯಾವುದಕ್ಕೆ ಗೀಟು ಜಾಸ್ತಿ ಬಿತ್ತೋ ಆ ಮೂರು ಪ್ರಶ್ನೆ ಮುಖಪುಟದ ಮೇಲ್ಗಡೆ, ಸ್ಕ್ರೋಲ್ ಮಾಡದೆ ಕಾಣೋ ಜಾಗಕ್ಕೆ.

ಇಲ್ಲಿ ಆಗೋ ತಪ್ಪು ಅಂದ್ರೆ ಬರೋರ ಕೆಲಸದ ಬದಲು ನಮ್ಮ ಕೆಲಸ ಬರೆಯೋದು. "ನಮ್ಮ ಧ್ಯೇಯ", "ನಮ್ಮ ಪರಿಚಯ", "ಅಧ್ಯಕ್ಷರ ಸಂದೇಶ" ಇದ್ಯಾವ್ದನ್ನೂ ಯಾರೂ ಫೋನ್ ಮಾಡಿ ಕೇಳಿರಲ್ಲ. ಅವು ಬೇಡ ಅಂತಲ್ಲ, ಕೆಳಗೆ ಇರಲಿ.

ಅಪಾಯದ ಸೂಚನೆ: ನಿಮ್ಮ ಮೆನು ನಿಮ್ಮ ಆಫೀಸಿನ ವಿಭಾಗಗಳ ಪಟ್ಟಿ ತರಾನೇ ಕಾಣ್ತಿದೆ ಅಂದ್ರೆ ಈ ಹಂತ ಸರಿಯಾಗಿ ಆಗಿಲ್ಲ. ಒಳಗೆ ಯಾವ ವಿಭಾಗ ಏನು ನೋಡ್ಕೊಳ್ಳತ್ತೆ ಅಂತ ಹೊರಗಿನೋರಿಗೆ ಹೇಗೆ ಗೊತ್ತಾಗಬೇಕು ಹೇಳಿ.

## ಹಂತ 2: ಮಾತು ಮೊದಲು ಬರೀರಿ, ಡಿಸೈನ್ ಮುಟ್ಟಬೇಡಿ

ಬಣ್ಣ ಇಲ್ಲದ, ಫೋಟೋ ಇಲ್ಲದ ಒಂದು ಖಾಲಿ ಡಾಕ್ಯುಮೆಂಟಲ್ಲಿ ಪುಟದ ಅಷ್ಟೂ ಮಾತು ಬರೆದು ಮುಗಿಸಿ. ಉತ್ತರ ಮೊದಲು, ವಿವರಣೆ ಆಮೇಲೆ. ನಾನು ತಿದ್ದಿದ ಒಂದು ಪುಟದಲ್ಲಿ ಹಿಂಗಿತ್ತು: "ಓದುಗರ ಅನುಕೂಲವನ್ನು ಗಮನದಲ್ಲಿಟ್ಟುಕೊಂಡು ಗ್ರಂಥಾಲಯದ ಕಾರ್ಯನಿರ್ವಹಣಾ ಸಮಯವನ್ನು ಈ ಕೆಳಕಂಡಂತೆ ನಿಗದಿಪಡಿಸಲಾಗಿರುತ್ತದೆ." ಅದರ ಕೆಳಗೆ ಒಂದು ಟೇಬಲ್, ಟೇಬಲ್ ಕೆಳಗೆ ರಜೆಯ ಟಿಪ್ಪಣಿ. ಅದನ್ನ ತೆಗೆದು "ಬೆಳಿಗ್ಗೆ 9ರಿಂದ ರಾತ್ರಿ 8. ಸೋಮವಾರ ರಜೆ." ಅಂತ ಹಾಕಿದ್ವಿ. ಅಷ್ಟೇ. ಸಮಯ ಕೇಳೋ ಫೋನು ಕಣ್ಣಿಗೆ ಕಾಣೋ ಹಂಗೆ ಕಮ್ಮಿ ಆಯ್ತು.

ತಲೆಬರಹಗಳು ಒಂದನೇ ಹಂತದಲ್ಲಿ ಬರೆದ ಪ್ರಶ್ನೆಗಳೇ ಆಗಿರಲಿ, ಅಥವಾ ಅದಕ್ಕೆ ಹತ್ರ ಇರಲಿ. ಎಚ್‌ಟಿಎಂಎಲ್‌ನಲ್ಲಿ (ಪುಟ ಬರೆಯೋ ಕೋಡ್) ಅವನ್ನ ನಿಜವಾದ ಹೆಡಿಂಗ್ ಟ್ಯಾಗಲ್ಲೇ (ಇದು ತಲೆಬರಹ ಅಂತ ಬ್ರೌಸರಿಗೆ ಹೇಳೋ ಗುರುತು) ಹಾಕಿ, ಸಾದಾ ಸಾಲನ್ನ ಬೋಲ್ಡ್ ಮಾಡಿ ದೊಡ್ಡದು ಮಾಡಿದ್ರೆ ಕಣ್ಣಿಗೆ ಹೆಡಿಂಗ್ ತರ ಕಾಣತ್ತೆ ಆದ್ರೆ ಸ್ಕ್ರೀನ್ ರೀಡರ್ ಬಳಸೋರಿಗೆ ಅದು ಹೆಡಿಂಗೇ ಅಲ್ಲ. ಅವರು ಪುಟ ಮೇಲಿಂದ ಕೆಳಗೆ ಪೂರ್ತಿ ಕೇಳ್ತಾ ಕೂರಲ್ಲ, ಹೆಡಿಂಗಿಂದ ಹೆಡಿಂಗಿಗೆ ಹಾರ್ತಾ ಹೋಗ್ತಾರೆ, ನಾವು ಕಣ್ಣಾಡಿಸ್ತೀವಲ್ಲ ಹಂಗೇನೇ. ಮೊದಲನೇ ದರ್ಜೆ ಹೆಡಿಂಗ್ ಪುಟಕ್ಕೆ ಒಂದು, ಅದರೊಳಗೆ ಎರಡನೇದು, ಅದರೊಳಗೆ ಮೂರನೇದು, ನಡುವೆ ದರ್ಜೆ ಹಾರಿಸ್ಬೇಡಿ.

ಇನ್ನೆರಡು ವಿಷಯ ಇಲ್ಲೇ ನೋಡ್ಕೊಳ್ಳಿ. ಒಂದು, ಮಾಹಿತಿನ ಪೋಸ್ಟರ್ ಮಾಡಿ ಇಮೇಜ್ ತರ ಹಾಕೋ ಅಭ್ಯಾಸ. ಅದರೊಳಗಿನ ಅಕ್ಷರ ಕಾಪಿ ಮಾಡೋಕಾಗಲ್ಲ, ಫೋನಲ್ಲಿ ಹಿಗ್ಗಿಸಿ ಆ ಕಡೆ ಈ ಕಡೆ ಎಳೆದಾಡ್ಬೇಕು, ಕಣ್ಣು ಕಾಣದೋರಿಗೆ ಅಲ್ಲಿ ಏನೂ ಇಲ್ಲ. ಪೋಸ್ಟರ್ ಬೇಕೇ ಬೇಕು ಅಂದ್ರೆ ಹಾಕಿ, ಆದ್ರೆ ಅದರಲ್ಲಿರೋ ದಿನಾಂಕ, ಸಮಯ, ಜಾಗ ಪಕ್ಕದಲ್ಲಿ ಅಕ್ಷರದಲ್ಲೂ ಇರಲಿ. ಎರಡು, ನುಡಿ ಸಾಫ್ಟ್‌ವೇರಿನ ಹಳೇ ಫೈಲಿಂದ ಕಾಪಿ ಮಾಡಿದ ಕನ್ನಡ. ಅದು ಯೂನಿಕೋಡ್ (ಎಲ್ಲಾ ಫೋನು, ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರದ ಪದ್ಧತಿ) ಅಲ್ಲದಿದ್ರೆ ನಿಮ್ಮ ಕಂಪ್ಯೂಟರಲ್ಲಿ ಆ ಫಾಂಟ್ ಇರೋದ್ರಿಂದ ಸರಿ ಕಾಣಬಹುದು, ಬೇರೆಯೋರ ಫೋನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರತ್ತೆ. ಮೊದಲು ಯೂನಿಕೋಡಿಗೆ ಬದಲಾಯಿಸಿ, ಬದಲಾದ್ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದ್ಸಲ ಕಣ್ಣಾರೆ ನೋಡಿ, ಅಲ್ಲೇ ಎಡವಟ್ಟಾಗೋದು.

## ಹಂತ 3: ಫೋನಿನ ಅಗಲಕ್ಕೆ, ಒಂದೇ ಕಾಲಂ

ಈಗ ಪೇಪರಲ್ಲಿ ಫೋನಿನಷ್ಟು ಅಗಲದ ಒಂದು ಪಟ್ಟಿ ಎಳೆದು, ಬರೆದಿರೋ ಮಾತನ್ನ ಮೇಲಿಂದ ಕೆಳಗೆ ಜೋಡಿಸಿ. ಪಕ್ಕ ಪಕ್ಕ ಏನೂ ಬೇಡ. ದೊಡ್ಡ ಪರದೆಗೆ ಆಮೇಲೆ ಅಗಲ ಮಾಡ್ಕೋಬಹುದು, ಆದ್ರೆ ದೊಡ್ಡದನ್ನ ಮೊದಲು ಮಾಡಿ ಫೋನಿಗೆ ತುರುಕೋಕೆ ಹೋದ್ರೆ ಯಾವುದು ಮುಖ್ಯ ಅನ್ನೋ ತೀರ್ಮಾನಾನ ನೀವು ತಗೊಂಡಿರಲ್ಲ, ಬ್ರೌಸರೇ ತಗೊಂಡಿರತ್ತೆ.

ಕೋಡಿಗೆ ಬಂದಾಗ ಮೊದಲ ಕೆಲಸ ವ್ಯೂಪೋರ್ಟ್ ಮೆಟಾ ಟ್ಯಾಗ್, ಪರದೆಯ ಅಗಲಕ್ಕೆ ಪುಟ ಹೊಂದಿಸು ಅಂತ ಬ್ರೌಸರಿಗೆ ಹೇಳೋ ಸಾಲು. ಅದಿಲ್ಲಾಂದ್ರೆ ಫೋನು ನಿಮ್ಮ ಪುಟನ ಕಂಪ್ಯೂಟರ್ ಪುಟ ಅಂದ್ಕೊಂಡು ಇರುವೆ ಗಾತ್ರದ ಅಕ್ಷರದಲ್ಲಿ ತೋರಿಸತ್ತೆ. ಅದೇ ಟ್ಯಾಗಲ್ಲಿ ಕೆಲವರು ಜೂಮ್ ಆಗದ ಹಂಗೆ ತಡೆ ಹಾಕಿರ್ತಾರೆ. ದಯವಿಟ್ಟು ಅದನ್ನ ತೆಗೀರಿ. ಕಣ್ಣು ಮಂಜಾಗಿರೋರು ಎರಡು ಬೆರಳಲ್ಲಿ ಹಿಗ್ಗಿಸಿಯೇ ಓದೋದು, ಲೇಔಟ್ ಕೆಡತ್ತೆ ಅಂತ ಅವರ ದಾರಿ ಮುಚ್ಚೋದು ಸರಿಯಲ್ಲ.

ಅಳತೆ ಎಷ್ಟು ಅಂದ್ರೆ 320 ಪಿಕ್ಸೆಲ್. ವೆಬ್ಬಿಗೆ ಮಾನದಂಡ ರೂಪಿಸೋ ಡಬ್ಲ್ಯೂ3ಸಿ ಸಂಸ್ಥೆಯ ಡಬ್ಲ್ಯೂಸಿಎಜಿ, ಅಂದ್ರೆ ಅಂಗವಿಕಲರಿಗೂ ಬಳಸೋಕಾಗೋ ಹಂಗೆ ಪುಟ ಮಾಡೋ ಮಾರ್ಗಸೂಚಿ, 2018ರ 2.1 ಆವೃತ್ತಿಯಿಂದಲೂ ಹೇಳ್ತಿರೋದು ಇದನ್ನೇ, 320 ಸಿಎಸ್‌ಎಸ್ ಪಿಕ್ಸೆಲ್ (ಸಿಎಸ್‌ಎಸ್ ಅಂದ್ರೆ ಪುಟದ ಅಂದ, ಅಳತೆ ತೀರ್ಮಾನಿಸೋ ಕೋಡ್) ಅಗಲದಲ್ಲಿ ಪಕ್ಕಕ್ಕೆ ಸ್ಕ್ರೋಲ್ ಮಾಡದೆ ಪುಟ ಓದೋಕೆ ಬರಬೇಕು. ಕಂಪ್ಯೂಟರಲ್ಲಿ ಪರೀಕ್ಷೆ ಮಾಡೋದು ಸುಲಭ: ಬ್ರೌಸರ್ ಕಿಟಕಿ 1280 ಪಿಕ್ಸೆಲ್ ಅಗಲ ಇಟ್ಟು ಕಂಟ್ರೋಲ್ ಹಿಡಿದು ಪ್ಲಸ್ ಒತ್ತುತಾ 400 ಪರ್ಸೆಂಟಿಗೆ ಹೋಗಿ, ಅದು 320ಕ್ಕೆ ಸಮ.

ಪಕ್ಕಕ್ಕೆ ಸ್ಕ್ರೋಲ್ ಬಂತು ಅಂದ್ರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಅಗಲ ಫಿಕ್ಸ್ ಮಾಡಿರೋ ಇಮೇಜ್, ಅದಕ್ಕೆ ಗರಿಷ್ಠ ಅಗಲ 100 ಪರ್ಸೆಂಟ್ ಕೊಡಿ. ಅಗಲವಾದ ಟೇಬಲ್, ಅದನ್ನ ಒಂದು ಡಬ್ಬಿಯೊಳಗಿಟ್ಟು ಆ ಡಬ್ಬಿ ಮಾತ್ರ ಸ್ಕ್ರೋಲ್ ಆಗೋ ಹಂಗೆ ಮಾಡಿ. ಇಲ್ಲಾ ಉದ್ದನೆಯ ಪದ. ಕನ್ನಡದಲ್ಲಿ ಈ ಮೂರನೇದು ತುಂಬಾ ಸಲ ಆಗತ್ತೆ, ನಾವು ಪದಕ್ಕೆ ಪದ ಅಂಟಿಸ್ತಾ ಹೋಗ್ತೀವಲ್ಲ, "ನವೀಕರಿಸಿಕೊಳ್ಳಬೇಕಾಗಿರುವವರು" ಅನ್ನೋದು ದೊಡ್ಡ ಹೆಡಿಂಗಲ್ಲಿ ಬಂದ್ರೆ ಚಿಕ್ಕ ಫೋನಲ್ಲಿ ಹೊರಗೆ ಚಾಚತ್ತೆ. ಸಿಎಸ್‌ಎಸ್‌ನಲ್ಲಿ ಪದ ಮುರಿಯೋಕೆ ಅನುಮತಿ ಕೊಡಬಹುದು, ಆದ್ರೆ "ನವೀಕರಣ ಹೇಗೆ?" ಅಂತ ಮಾತನ್ನೇ ಬದಲಾಯಿಸೋದು ಒಳ್ಳೇದು.

ಸ್ಲೈಡರ್ (ತಾನಾಗೇ ಬದಲಾಗೋ ಚಿತ್ರಗಳ ಸಾಲು) ಹಾಕ್ಲಾ ಅಂತ ಕೇಳೋರಿಗೆ ನನ್ನ ಉತ್ತರ ಯಾವಾಗ್ಲೂ ಬೇಡ ಅಂತಾನೇ. ಎರಡನೇ ಚಿತ್ರ ಬರೋವರೆಗೆ ಯಾರೂ ಕಾಯಲ್ಲ, ಓದ್ತಾ ಇದ್ದಾಗ್ಲೇ ಚಿತ್ರ ಓಡಿಹೋಗತ್ತೆ. ಪುಟ ತೆಗೆದ ತಕ್ಷಣ ಮುಖಕ್ಕೆ ಬಡಿಯೋ ಪಾಪ್‌ಅಪ್ಪೂ ಹಂಗೇನೇ, ಬಂದೋರ ಕೈ ಮೊದಲು ಹುಡುಕೋದು ಅದನ್ನ ಮುಚ್ಚೋ ಗುರುತನ್ನ.

## ಹಂತ 4: ಮೆನು, ಲಿಂಕ್, ಬಟನ್

ಮೆನುವಿನಲ್ಲಿ "ಸೇವೆಗಳು", "ಸಂಪನ್ಮೂಲ" ಅಂತ ಹಾಕಿದ್ರೆ ಒಳಗೆ ಏನಿದೆ ಅಂತ ತೆಗೆದು ನೋಡ್ದೇ ಗೊತ್ತಾಗಲ್ಲ. "ಪುಸ್ತಕ ಹುಡುಕಿ", "ಮೆಂಬರ್ ಆಗಿ", "ಸಮಯ ಮತ್ತು ವಿಳಾಸ" ಅಂದ್ರೆ ಗೊತ್ತಾಗತ್ತೆ. ಫೋನಲ್ಲಿ ಮೂರು ಗೆರೆಯ ಗುರುತಿನ ಹಿಂದೆ ಎಲ್ಲಾ ಬಚ್ಚಿಡ್ಬೇಡಿ, ಮೊದಲ ಮೂರು ಕೆಲಸ ಹೊರಗೇ ಕಾಣ್ಲಿ, ಗುರುತಿನ ಪಕ್ಕ "ಮೆನು" ಅಂತ ಎರಡಕ್ಷರ ಬರೆಯೋಕೆ ಜಾಗ ಇದ್ದೇ ಇರತ್ತೆ.

ಲಿಂಕಿನ ಮಾತು ಅದೊಂದನ್ನೇ ಓದಿದ್ರೂ ಅರ್ಥ ಆಗಬೇಕು. ಸ್ಕ್ರೀನ್ ರೀಡರಲ್ಲಿ ಪುಟದ ಎಲ್ಲಾ ಲಿಂಕು ಪಟ್ಟಿ ಮಾಡಿ ಕೇಳೋ ಸೌಲಭ್ಯ ಇದೆ, ನಿಮ್ಮ ಪುಟದಲ್ಲಿ ಅದನ್ನ ಒಂದ್ಸಲ ಮಾಡಿ ನೋಡಿ, "ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇನ್ನಷ್ಟು ಓದಿ, ಇಲ್ಲಿ ಕ್ಲಿಕ್ ಮಾಡಿ" ಅಂತ ಕೇಳಿಸಿದ್ರೆ ಆ ಜನರ ಕಷ್ಟ ನಿಮಗೇ ಅರ್ಥ ಆಗತ್ತೆ. ಪ್ಯಾರಾ ಒಳಗಿರೋ ಲಿಂಕಿಗೆ ಅಡಿಗೆರೆ ಇರಲಿ, ಬರೀ ಬಣ್ಣ ಬೇರೆ ಮಾಡಿದ್ರೆ ಬಣ್ಣ ಗುರುತಿಸೋಕಾಗದೋರಿಗೆ ಅದು ಸಾದಾ ಸಾಲೇ.

ಲಿಂಕು ಬೇರೆ ಕಡೆ ಕರ್ಕೊಂಡು ಹೋಗತ್ತೆ, ಬಟನ್ ಅಲ್ಲೇ ಏನೋ ಕೆಲಸ ಮಾಡತ್ತೆ. ಈ ವ್ಯತ್ಯಾಸ ಕೋಡಲ್ಲೂ ಇರಬೇಕು. ಖಾಲಿ ಡಬ್ಬಿ ಮಾಡೋ ಸಾದಾ ಟ್ಯಾಗ್ ಆದ ಡಿವ್‌ಗೆ ಬಣ್ಣ ಬಳಿದು ಬಟನ್ ತರ ಮಾಡಿದ್ರೆ ಮೌಸಿಗೆ ಕೆಲಸ ಮಾಡತ್ತೆ, ಕೀಬೋರ್ಡಿನ ಟ್ಯಾಬ್ ಕೀ ಅದನ್ನ ಮುಟ್ಟೋದೇ ಇಲ್ಲ. ನಿಜವಾದ ಬಟನ್ ಟ್ಯಾಗ್ ಹಾಕಿದ್ರೆ ಇದೆಲ್ಲಾ ಪುಕ್ಕಟೆಯಾಗಿ ಸಿಗತ್ತೆ.

ಬಟನ್ನಿನ ಗಾತ್ರ: 2023ರ ಡಬ್ಲ್ಯೂಸಿಎಜಿ 2.2 ಕನಿಷ್ಠ 24ಕ್ಕೆ 24 ಪಿಕ್ಸೆಲ್ ಅನ್ನತ್ತೆ, ಆಪಲ್ 44, ಆಂಡ್ರಾಯ್ಡಿಗೆ ಗೂಗಲ್ ಹೇಳೋದು 48. ನೀವು 48 ಇಟ್ಕೊಳ್ಳಿ, ಬಟನ್ನಿಗೂ ಬಟನ್ನಿಗೂ ನಡುವೆ ಚೂರು ಜಾಗ ಬಿಡಿ. "ಉಳಿಸಿ" ಪಕ್ಕಕ್ಕೇ "ಅಳಿಸಿ" ಇಡ್ಬೇಡಿ. ಹಂಗೇ ಲಿಂಕುಗಳನ್ನ ಹೊಸ ಟ್ಯಾಬಲ್ಲಿ ತೆಗೆಯೋ ಅಭ್ಯಾಸ ಬಿಡಿ, ಹೊಸ ಟ್ಯಾಬಲ್ಲಿ ಹಿಂದೆ ಹೋಗೋ ಬಟನ್ ಸತ್ತುಹೋಗಿರತ್ತೆ, ಫೋನ್ ಬಳಸೋರು ದಾರಿ ತಪ್ಪೋದೇ ಅಲ್ಲಿ.

## ಹಂತ 5: ಅಕ್ಷರ, ಬಣ್ಣ

ನೋಡಿ, ಬಣ್ಣಕ್ಕೆ ಐದನೇ ಹಂತದಲ್ಲಿ ಬಂದ್ವಿ. ಇದೇ ಅದರ ಜಾಗ.

ಪ್ಯಾರಾದ ಅಕ್ಷರ 16 ಪಿಕ್ಸೆಲ್‌ಗಿಂತ ಕಮ್ಮಿ ಬೇಡ, ಕನ್ನಡಕ್ಕೆ 18 ಇದ್ರೆ ನನಗೆ ಸಮಾಧಾನ. ಸಾಲಿನ ಎತ್ತರ ಇಂಗ್ಲಿಷಿಗೆ ಇಟ್ಟಷ್ಟೇ ಇಟ್ರೆ ಕನ್ನಡಕ್ಕೆ ಸಾಲಲ್ಲ, ಯಾಕಂದ್ರೆ ನಮ್ಮ ಒತ್ತಕ್ಷರ ಕೆಳಗೆ ಇಳಿಯತ್ತೆ, ಗುಡಿಸು ಮೇಲೆ ಏರತ್ತೆ. "ರಾಷ್ಟ್ರ" ಅನ್ನೋ ಪದದ ಕೆಳಗಿನ ಸಾಲಲ್ಲಿ "ಸ್ಥಿತಿ" ಬಂತು ಅಂದ್ಕೊಳ್ಳಿ, ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಹೋಗಿ ಕೂತ್ಕೊಳ್ಳತ್ತೆ. ಪ್ಯಾರಾಕ್ಕೆ ಅಕ್ಷರದ ಗಾತ್ರದ 1.6 ಅಥವಾ 1.7 ಪಟ್ಟು, ಹೆಡಿಂಗಿಗೂ 1.4ಕ್ಕಿಂತ ಕಮ್ಮಿ ಬೇಡ. ರೆಡಿಮೇಡ್ ಥೀಮುಗಳಲ್ಲಿ ಹೆಡಿಂಗಿಗೆ 1.1, 1.2 ಇರತ್ತೆ, ಅದನ್ನ ಮರೀದೆ ಬದಲಾಯಿಸಿ. ಬಟನ್ನಿನ ಎತ್ತರ ಫಿಕ್ಸ್ ಮಾಡಿ ಹೊರಚಾಚಿದ್ದನ್ನ ಮರೆಮಾಚೋ ಸೆಟ್ಟಿಂಗ್ ಹಾಕಿದ್ರೆ ಒತ್ತಿನ ಬಾಲ ಕತ್ತರಿಸಿ ಹೋಗತ್ತೆ, "ಒಪ್ಪಿಗೆ" ಅನ್ನೋದು "ಒಪಿಗೆ" ತರ ಕಾಣತ್ತೆ.

ಅಕ್ಷರದ ನಡುವೆ ಜಾಗ ಹೆಚ್ಚಿಸೋದು, ಇಟಾಲಿಕ್ ಮಾಡೋದು ಎರಡೂ ಕನ್ನಡಕ್ಕೆ ಒಗ್ಗಲ್ಲ. ಒತ್ತು ಕೊಡಬೇಕಾದ್ರೆ ಬೋಲ್ಡ್ ಸಾಕು. ಎರಡೂ ಅಂಚು ಸಮ ಮಾಡೋದು ಬೇಡ, ಪದಗಳು ಉದ್ದ ಇರೋದ್ರಿಂದ ಫೋನಲ್ಲಿ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳತ್ತೆ. ಫಾಂಟ್ ನೋಟೊ ಸಾನ್ಸ್ ಕನ್ನಡ ತರದ್ದು ಒಂದು, ಸಾದಾ ಮತ್ತು ಬೋಲ್ಡ್ ಎರಡೇ ತೂಕ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್ ಟ್ಯಾಗಲ್ಲಿ ಗುರುತು ಹಾಕೋದು ತುಂಬಾ ಜನ ಮರೀತಾರೆ, ಸ್ಕ್ರೀನ್ ರೀಡರ್ ಯಾವ ಧ್ವನಿಯಲ್ಲಿ ಓದಬೇಕು ಅಂತ ತೀರ್ಮಾನ ಮಾಡೋದು ಅದನ್ನ ನೋಡಿ.

ಬಣ್ಣದ ವಿಷಯದಲ್ಲಿ ಒಂದೇ ಲೆಕ್ಕ: ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1. ದೊಡ್ಡದು ಅಂದ್ರೆ 24 ಪಿಕ್ಸೆಲ್, ಬೋಲ್ಡ್ ಆದ್ರೆ ಸುಮಾರು 19. ಬಿಳಿ ಮೇಲೆ ಬೂದು ಹಾಕೋರಿಗೆ ಒಂದು ಗಡಿ ಹೇಳ್ತೀನಿ, #767676 (ಕೋಡಲ್ಲಿ ಬರೆಯೋ ಬಣ್ಣದ ಸಂಖ್ಯೆ) ಪಾಸಾಗತ್ತೆ, #777777 ಕೂದಲೆಳೆಯಲ್ಲಿ ಫೇಲಾಗತ್ತೆ, ಅದಕ್ಕಿಂತ ತೆಳು ಬೂದು ಯಾವುದೂ ಬೇಡ. ಫೋಟೋ ಮೇಲೆ ಅಕ್ಷರ ಹಾಕಿದ್ರೆ ಫೋಟೋದ ಒಂದು ಮೂಲೆಯಲ್ಲಿ ಓದಬಹುದು ಇನ್ನೊಂದು ಮೂಲೆಯಲ್ಲಿ ಆಗಲ್ಲ, ಅಕ್ಷರದ ಹಿಂದೆ ಗಟ್ಟಿ ಬಣ್ಣದ ಪಟ್ಟಿ ಇಡಿ. ಕೀಬೋರ್ಡಲ್ಲಿ ಟ್ಯಾಬ್ ಒತ್ತಿದಾಗ ಬರೋ ಚೌಕಟ್ಟು ಚೆನ್ನಾಗಿ ಕಾಣಲ್ಲ ಅಂತ ಸಿಎಸ್‌ಎಸ್‌ನಲ್ಲಿ ತೆಗೆದುಹಾಕೋರಿದಾರೆ. ಮೌಸ್ ಹಿಡಿಯೋಕಾಗದೋರಿಗೆ ತಾವು ಎಲ್ಲಿದೀವಿ ಅಂತ ಹೇಳೋದು ಅದೊಂದೇ, ಬೇಕಾದ್ರೆ ಅಂದ ಮಾಡಿ, ತೆಗೀಬೇಡಿ.

## ಹಂತ 6: ಫಾರ್ಮ್

ಜನ ಸೋತು ವಾಪಸ್ ಹೋಗೋದು ಹೆಚ್ಚಾಗಿ ಇಲ್ಲೇ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಮೊದಲು ಕಡಿತ. ಒಂದೊಂದು ಕಾಲಂ ಮೇಲೂ ಬೆರಳಿಟ್ಟು "ಇದನ್ನ ತಗೊಂಡು ನಾವು ಏನು ಮಾಡ್ತೀವಿ?" ಅಂತ ಕೇಳಿ. ಉತ್ತರ ಇಲ್ಲಾಂದ್ರೆ ಆ ಕಾಲಂ ತೆಗೀರಿ. "ಮುಂದೆ ಬೇಕಾಗಬಹುದು" ಅನ್ನೋದು ಉತ್ತರ ಅಲ್ಲ.

ಆಮೇಲೆ ಲೇಬಲ್, ಅಂದ್ರೆ ಡಬ್ಬಿಯಲ್ಲಿ ಏನು ತುಂಬಬೇಕು ಅಂತ ಹೇಳೋ ಹೆಸರು. ಕಾಲಂ ಒಳಗೆ ತೆಳುವಾಗಿ ಬರೆದು, ಟೈಪ್ ಮಾಡೋಕೆ ಶುರು ಮಾಡಿದ ತಕ್ಷಣ ಮಾಯ ಆಗೋ ಬರಹ ಲೇಬಲ್ ಅಲ್ಲ. ನಡುವೆ ಫೋನ್ ಬಂದು ಮಾತಾಡಿ ವಾಪಸ್ ಬಂದೋರಿಗೆ ಯಾವ ಡಬ್ಬಿಯಲ್ಲಿ ಏನು ಬರೀಬೇಕಿತ್ತು ಅಂತ ಗೊತ್ತಾಗಲ್ಲ. ಲೇಬಲ್ ಡಬ್ಬಿಯ ಮೇಲೆ, ಯಾವಾಗ್ಲೂ ಕಾಣೋ ಹಂಗೆ, ಕೋಡಲ್ಲಿ ಆ ಡಬ್ಬಿಗೇ ಜೋಡಿಸಿ. ಜೋಡಿಸಿದ್ರೆ ಲೇಬಲ್ ಮುಟ್ಟಿದ್ರೂ ಡಬ್ಬಿ ಟೈಪ್ ಮಾಡೋಕೆ ರೆಡಿ ಆಗತ್ತೆ.

ಡಬ್ಬಿಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ರೆ ಐಫೋನಿನ ಸಫಾರಿ ತಾನಾಗೇ ಪುಟ ಹಿಗ್ಗಿಸಿಬಿಡತ್ತೆ, "ಟೈಪ್ ಮಾಡೋಕೆ ಹೋದ್ರೆ ಪುಟ ಜಿಗಿಯತ್ತೆ" ಅನ್ನೋ ದೂರಿಗೆ ಕಾರಣ ಇದೇ. ಫೋನ್ ನಂಬರಿನ ಡಬ್ಬಿಗೆ ಫೋನ್ ನಂಬರಿನ ಟೈಪ್, ಮೇಲ್‌ಗೆ ಮೇಲ್ ಟೈಪ್ ಕೊಡಿ, ಸರಿಯಾದ ಕೀಬೋರ್ಡ್ ತಾನಾಗೇ ಬರತ್ತೆ. ಹೆಸರು, ವಿಳಾಸ, ನಂಬರಿಗೆ ಆಟೋಕಂಪ್ಲೀಟ್ ಗುರುತು ಹಾಕಿದ್ರೆ ಫೋನೇ ತುಂಬಿಸಿಕೊಡತ್ತೆ. ಪೇಸ್ಟ್ ಮಾಡೋದನ್ನ ತಡೀಬೇಡಿ. ನಂಬರಿನ ನಡುವೆ ಸ್ಪೇಸ್, ಪ್ಲಸ್ ಇದ್ರೆ ಬೈಬೇಡಿ, ಕೋಡಲ್ಲಿ ಒಂದು ಸಾಲು ಬರೆದು ಸ್ಪೇಸ್ ತೆಗೀಬಹುದು, ಅದು ಕಂಪ್ಯೂಟರಿನ ಕೆಲಸ.

ಹುಟ್ಟಿದ ದಿನಾಂಕದ ಬಗ್ಗೆ ಒಂದು ಘಟನೆ ಹೇಳ್ಲೇಬೇಕು. ನಾನೇ ಮಾಡಿದ ಮೆಂಬರ್‌ಶಿಪ್ ಫಾರ್ಮನ್ನ ಅರವತ್ತು ದಾಟಿದ ಒಬ್ಬರ ಕೈಗೆ ಕೊಟ್ಟು ಪಕ್ಕ ಕೂತಿದ್ದೆ. ಹೆಸರು ಬರೆದ್ರು, ವಿಳಾಸ ಬರೆದ್ರು, ಹುಟ್ಟಿದ ದಿನಾಂಕ ಮುಟ್ಟಿದ್ರು, ಆ ತಿಂಗಳ ಕ್ಯಾಲೆಂಡರ್ ತೆಗೀತು. ಅದರಲ್ಲಿ ಎಡಗಡೆ ಒಂದು ಚಿಕ್ಕ ಬಾಣ. ಅವರು ಒತ್ತೋಕೆ ಶುರು ಮಾಡಿದ್ರು, ಒಂದು ಒತ್ತಿಗೆ ಒಂದು ತಿಂಗಳು ಹಿಂದೆ. ಒತ್ತುತಾ ಒತ್ತುತಾ ನಾಲ್ಕೈದು ವರ್ಷ ಹಿಂದೆ ಹೋಗಿ, ಬೆರಳು ಜಾರಿ ಹೊರಗೆ ತಾಗಿ ಕ್ಯಾಲೆಂಡರ್ ಮುಚ್ಚಿಕೊಳ್ತು, ಮತ್ತೆ ತೆಗೆದ್ರೆ ಮತ್ತೆ ಈ ತಿಂಗಳಿಂದಾನೇ. ಅರವತ್ತು ವರ್ಷ ಅಂದ್ರೆ 720 ಸಲ ಒತ್ತಬೇಕು. ವರ್ಷದ ಅಂಕಿ ಮುಟ್ಟಿದ್ರೆ ವರ್ಷದ ಪಟ್ಟಿ ಬರತ್ತೆ ಅಂತ ನನಗೆ ಗೊತ್ತಿತ್ತು, ಅವರಿಗೆ ಗೊತ್ತಾಗೋ ಹಂಗೆ ಅಲ್ಲಿ ಏನೂ ಇರಲಿಲ್ಲ. ಅವರು ಫೋನ್ ಕೆಳಗಿಟ್ಟು "ನನಗೆ ಇದೆಲ್ಲಾ ಬರಲ್ಲಪ್ಪ" ಅಂದ್ರು. ಬರದೇ ಇದ್ದಿದ್ದು ಅವರಿಗಲ್ಲ. ಅವತ್ತಿಂದ ಹುಟ್ಟಿದ ದಿನಾಂಕಕ್ಕೆ ದಿನ, ತಿಂಗಳು, ವರ್ಷ ಅಂತ ಮೂರು ಡಬ್ಬಿ, ಟೈಪ್ ಮಾಡಿದ್ರೆ ಮುಗೀತು. ಕ್ಯಾಲೆಂಡರ್ ಇರೋದು ಮುಂದಿನ ವಾರ ಯಾವ ದಿನ ಬರಲಿ ಅಂತ ಆರಿಸೋಕೆ.

ಹೆಸರಿನ ಡಬ್ಬಿಯಲ್ಲಿ "ಅಕ್ಷರ ಮಾತ್ರ" ಅನ್ನೋ ತಪಾಸಣೆ ಇಟ್ರೆ ಕನ್ನಡದಲ್ಲಿ ಹೆಸರು ಬರೆದೋರು ಸಿಕ್ಕಿಹಾಕ್ಕೊಳ್ತಾರೆ. ಇಂಗ್ಲಿಷ್ ಅಕ್ಷರ ಮಾತ್ರ ಬಿಡೋ ಕೋಡಂತೂ ಸರಿಯೇ ಅಲ್ಲ, ಯೂನಿಕೋಡಿನ "ಅಕ್ಷರ" ವರ್ಗ ಬಿಡೋ ಕೋಡೂ ಕನ್ನಡಕ್ಕೆ ಸೋಲತ್ತೆ, ಯಾಕಂದ್ರೆ ಕಾಗುಣಿತದ ಚಿಹ್ನೆಗಳು, ಒತ್ತಿಗೆ ಬೇಕಾದ ಹಲಂತ ಆ ವರ್ಗದಲ್ಲಿಲ್ಲ, ಗುರುತುಗಳು ಅನ್ನೋ ಬೇರೆ ವರ್ಗದಲ್ಲಿವೆ. ಇನಿಷಿಯಲ್ಲಿನ ಚುಕ್ಕಿಗೂ ಇದೇ ಗತಿ. ಉದ್ದದ ಮಿತಿ ಇಡುವಾಗ್ಲೂ ಹುಷಾರು: "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು, ಯುಟಿಎಫ್-8 ಅನ್ನೋ ಮಾದರಿಯಲ್ಲಿ ಉಳಿಸೋಕೆ 18 ಬೈಟ್ ಜಾಗ. 20 ಅಕ್ಷರ ಸಾಕು ಅಂತ ಇಟ್ಟಿದ್ರೆ ಎಷ್ಟೋ ಜನರ ಹೆಸರು ಅರ್ಧಕ್ಕೆ ನಿಲ್ಲತ್ತೆ. ಹೆಸರನ್ನ ಮೊದಲ ಹೆಸರು, ಕೊನೆಯ ಹೆಸರು ಅಂತ ಒಡೆಯೋದೂ ಬೇಡ, ಒಂದೇ ಡಬ್ಬಿ ಸಾಕು.

ತಪ್ಪಾದಾಗ ಬರೋ ಮಾತು ಆ ಡಬ್ಬಿಯ ಹತ್ರಾನೇ ಬರಲಿ, ಏನು ಮಾಡಬೇಕು ಅಂತ ಹೇಳಲಿ. "ಅಮಾನ್ಯ ನಮೂದು" ಅಂದ್ರೆ ಯಾರಿಗೆ ಏನು ತಿಳಿಯತ್ತೆ? "ಫೋನ್ ನಂಬರಲ್ಲಿ ಒಂದು ಅಂಕಿ ಕಮ್ಮಿ ಇದೆ, ನೋಡಿ" ಅಂದ್ರೆ ತಿಳಿಯತ್ತೆ. ಬರೀ ಕೆಂಪು ಗೆರೆ ಎಳೆದು ಬಿಡ್ಬೇಡಿ. ಟೈಪ್ ಮಾಡ್ತಾ ಇದ್ದಾಗ್ಲೇ ತಪ್ಪು ತಪ್ಪು ಅನ್ಬೇಡಿ, ಡಬ್ಬಿ ಬಿಟ್ಟು ಮುಂದೆ ಹೋದ್ಮೇಲೆ ಹೇಳಿ. ಮತ್ತೆ ಯಾವ ಕಾರಣಕ್ಕೂ ತುಂಬಿಸಿದ್ದು ಅಳಿಸಿಹೋಗಬಾರದು. ಒಂದು ತಪ್ಪಿಗೆ ಇಡೀ ಫಾರ್ಮ್ ಖಾಲಿ ಆದ್ರೆ ಎರಡನೇ ಸಲ ತುಂಬೋಕೆ ಯಾರೂ ಕೂರಲ್ಲ.

ಕಳಿಸೋ ಬಟನ್ ಒತ್ತಿದ ಕೂಡ್ಲೇ ಏನಾದ್ರೂ ಬದಲಾವಣೆ ಕಾಣಬೇಕು. ಬಳಸೋಕೆ ಸುಲಭ ಆಗೋ ಡಿಸೈನ್ ಬಗ್ಗೆ ಸಂಶೋಧನೆ ಮಾಡಿದ ಜೇಕಬ್ ನೀಲ್ಸನ್ 1993ರಲ್ಲಿ ಬರೆದಿಟ್ಟ ಲೆಕ್ಕ ಇವತ್ತಿಗೂ ಸರಿ: 0.1 ಸೆಕೆಂಡಿನೊಳಗೆ ಆದ್ರೆ ತಕ್ಷಣ ಆಯ್ತು ಅನ್ಸತ್ತೆ, 1 ಸೆಕೆಂಡ್‌ವರೆಗೆ ಯೋಚನೆ ಕಡಿಯಲ್ಲ, 10 ಸೆಕೆಂಡ್ ದಾಟಿದ್ರೆ ಗಮನ ಬೇರೆ ಕಡೆ ಹೋಗತ್ತೆ. ಒತ್ತಿದ ತಕ್ಷಣ "ಕಳಿಸ್ತಾ ಇದೀವಿ" ಅಂತ ತೋರಿಸಿ, ಇಲ್ಲಾಂದ್ರೆ ಜನ ನಾಲ್ಕು ಸಲ ಒತ್ತಿ ನಿಮಗೆ ನಾಲ್ಕು ಅರ್ಜಿ ಬರತ್ತೆ. ಮುಗಿದ ಮೇಲೆ ಬರೀ "ಧನ್ಯವಾದ" ಸಾಲದು. ಮುಂದೆ ಏನಾಗತ್ತೆ, ಎಷ್ಟು ದಿನದಲ್ಲಿ, ಯಾರು ಸಂಪರ್ಕ ಮಾಡ್ತಾರೆ ಅಂತ ಬರೀರಿ.

## ಹಂತ 7: ವೇಗ

ಗೂಗಲ್ ಇಟ್ಟಿರೋ ಮೂರು ಅಳತೆ ಸಾಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಮುಟ್ಟಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಲೋಡ್ ಆಗ್ತಾ ಪುಟ ಜಿಗಿಯೋ ಅಂಕ 0.1 ದಾಟಬಾರದು. ನೂರಕ್ಕೆ 75 ಭೇಟಿಯಲ್ಲಿ ಇಷ್ಟು ಸಿಗಬೇಕು ಅನ್ನೋದು ಲೆಕ್ಕ.

ಕೆಡೋದು ಹೆಚ್ಚಾಗಿ ಫೋಟೋಗಳಿಂದ. ಫೋನ್ ಕ್ಯಾಮೆರಾದ 4000 ಪಿಕ್ಸೆಲ್ ಫೋಟೋನ ಹಂಗೇ ಹಾಕಿ 400 ಪಿಕ್ಸೆಲ್ ಜಾಗದಲ್ಲಿ ತೋರಿಸ್ತಾರೆ. ಮೊದಲು ಚಿಕ್ಕದು ಮಾಡಿ, ವೆಬ್‌ಪಿ ಅನ್ನೋ ಹಗುರ ಫೈಲ್ ಮಾದರಿಗೆ ಬದಲಾಯಿಸಿ. ಪ್ರತಿ ಇಮೇಜಿಗೂ ಅಗಲ, ಎತ್ತರ ಕೋಡಲ್ಲಿ ಬರೀರಿ, ಆಗ ಬ್ರೌಸರ್ ಜಾಗ ಕಾದಿರಿಸತ್ತೆ, ಓದ್ತಾ ಇರೋ ಸಾಲು ಕೆಳಗೆ ಜಾರಲ್ಲ. ಸ್ಕ್ರೋಲ್ ಮಾಡಿ ಹತ್ರ ಬಂದಾಗ ಲೋಡ್ ಆಗಲಿ ಅನ್ನೋ ಸೆಟ್ಟಿಂಗ್ (ಲೇಜಿ ಲೋಡಿಂಗ್) ಕೆಳಗಿನ ಚಿತ್ರಗಳಿಗೆ ಮಾತ್ರ, ಮೇಲಿನ ಮೊದಲ ಚಿತ್ರಕ್ಕೆ ಹಾಕಿದ್ರೆ ಪುಟ ಇನ್ನೂ ನಿಧಾನ ಆಗತ್ತೆ. ಚಾಟ್ ಡಬ್ಬಿ, ಶೇರ್ ಬಟನ್, ಹೊರಗಿನ ಸ್ಕ್ರಿಪ್ಟುಗಳನ್ನ ಒಂದೊಂದಾಗಿ ತೆಗೆದು ಅಳೆದು ನೋಡಿ, ಯಾವುದು ಎಷ್ಟು ಭಾರ ಅಂತ ಗೊತ್ತಾಗತ್ತೆ.

## ಹಂತ 8: ಬೇರೆಯೋರ ಕೈಗೆ ಕೊಟ್ಟು ನೋಡಿ

ಮೊದಲು ನೀವೇ ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಮತ್ತು ಎಂಟರ್ ಕೀಯಲ್ಲಿ ಮೆಂಬರ್ ಆಗಿ ನೋಡಿ. ಆಮೇಲೆ ಸ್ಕ್ರೀನ್ ರೀಡರ್ ಹಾಕ್ಕೊಂಡು ಪರದೆ ನೋಡ್ದೇ ಕೇಳಿ. ಲೈಟ್‌ಹೌಸಲ್ಲಿ 100 ಬಂದಿದೆ ಅಂತ ಇದನ್ನ ಬಿಡ್ಬೇಡಿ. ಆ ಟೂಲಿಗೆ ಚಿತ್ರಕ್ಕೆ ಬದಲಿ ಬರಹ (ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳೋ ಮಾತು) ಇದೆಯಾ ಅಂತ ಗೊತ್ತಾಗತ್ತೆ, ಆ ಬರಹ ಸರಿ ಇದೆಯಾ ಅಂತ ಗೊತ್ತಾಗಲ್ಲ, "ಐಎಂಜಿ 2043" ಅಂತ ಬರೆದಿದ್ರೂ ಅದು ಪಾಸ್ ಮಾಡತ್ತೆ.

ಈಗ ಮೊದಲೇ ಕೇಳಿಟ್ಕೊಂಡಿದ್ರಲ್ಲ, ಆ ಜನರನ್ನ ಕರೀರಿ. ಒಬ್ಬೊಬ್ಬರಾಗಿ, ಅವರದೇ ಫೋನಲ್ಲಿ. ಕೆಲಸ ಹೇಳಿ, ದಾರಿ ಹೇಳ್ಬೇಡಿ. ಪುಟದಲ್ಲಿರೋ ಪದಾನೂ ಬಳಸ್ಬೇಡಿ: ಬಟನ್ ಮೇಲೆ "ನವೀಕರಣ" ಅಂತ ಇದ್ರೆ ನೀವು "ಆ ಪುಸ್ತಕ ಓದಿ ಮುಗಿದಿಲ್ಲ, ಇನ್ನೂ ಸ್ವಲ್ಪ ದಿನ ಇಟ್ಕೋಬೇಕು, ಏನ್ಮಾಡ್ತೀರ?" ಅಂತ ಕೇಳಿ. ಆಮೇಲೆ ಸುಮ್ನೆ ಕೂತ್ಕೊಳ್ಳಿ. ಇದು ಎಲ್ಲಕ್ಕಿಂತ ಕಷ್ಟ, ಅವರು ತಪ್ಪು ಜಾಗ ಒತ್ತಿದಾಗ "ಅಲ್ಲಲ್ಲ, ಮೇಲೆ ನೋಡಿ" ಅಂತ ಬಾಯಿ ಬರತ್ತೆ, ತಡ್ಕೊಳ್ಳಿ. ಬೆರಳು ಎಲ್ಲಿ ನಿಂತು ಗಾಳಿಯಲ್ಲಿ ತೂಗ್ತು, ಎಲ್ಲಿ ಹಿಂದೆ ಹೋದ್ರು, ಯಾವ ಸಾಲು ಎರಡು ಸಲ ಓದಿದ್ರು, ಅಷ್ಟೇ ಬರ್ಕೊಳ್ಳಿ.

"ಹೇಗಿದೆ?" ಅಂತ ಕೇಳ್ಬೇಡಿ. "ಚೆನ್ನಾಗಿದೆ" ಅಂತಾರೆ, ಬೇಜಾರು ಮಾಡಬಾರದು ಅಂತ. ಮೂರು ಜನ ಒಂದೇ ಜಾಗದಲ್ಲಿ ತಡವರಿಸಿದ್ರೆ ಆ ಜಾಗ ತಪ್ಪಾಗಿದೆ, ಸರಿ ಮಾಡಿ ಬೇರೆ ಮೂರು ಜನರಿಗೆ ಕೊಡಿ. ಒಂದೇ ಸಲ ಇಪ್ಪತ್ತು ಜನರನ್ನ ಕೂರಿಸೋದಕ್ಕಿಂತ ನಾಲ್ಕೈದು ಜನರ ಸುತ್ತು ಎರಡು ಮೂರು ಸಲ ಮಾಡೋದು ಒಳ್ಳೇದು.

ಅಪಾಯದ ಸೂಚನೆ: ನೀವು ವಿವರಣೆ ಕೊಡೋಕೆ ಶುರು ಮಾಡಿದ್ರಿ ಅಂದ್ರೆ, ಆ ವಿವರಣೆ ಪುಟದಲ್ಲಿ ಇಲ್ಲ ಅಂತ ಅರ್ಥ. ನೀವು ಬಾಯಲ್ಲಿ ಹೇಳಿದ ಅದೇ ವಾಕ್ಯ ಬರ್ಕೊಂಡು ಆ ಜಾಗದಲ್ಲಿ ಹಾಕಿ.

## ಹಂತ 9: ಪುಟ ಜನರಿಗೆ ಬಿಟ್ಟ ಮೇಲೆ

ಮೊದಲ ತಿಂಗಳು ಮೂರು ಕಡೆ ಕಣ್ಣಿಡಿ. ಪುಟದ ಹುಡುಕೋ ಡಬ್ಬಿಯಲ್ಲಿ ಜನ ಏನು ಟೈಪ್ ಮಾಡ್ತಿದಾರೆ, ಅದರಲ್ಲಿ ಮುಖಪುಟದಲ್ಲೇ ಇರೋ ವಿಷಯ ಇದ್ರೆ ಅದು ಅವರ ಕಣ್ಣಿಗೆ ಬಿದ್ದಿಲ್ಲ, ಅಥವಾ ನೀವು ಬಳಸಿದ ಪದ ಅವರದ್ದಲ್ಲ. ಎರಡನೇದು ಸಿಗದ ಪುಟಗಳ ಪಟ್ಟಿ, ಹಳೇ ವಿಳಾಸ ಬದಲಾಗಿದ್ರೆ ಅಲ್ಲಿಂದ ಹೊಸದಕ್ಕೆ ದಾರಿ ತಿರುಗಿಸಿ, ಎಲ್ಲೋ ಉಳಿಸಿಟ್ಕೊಂಡ ಲಿಂಕ್ ಒತ್ತಿ ಬಂದೋರಿಗೆ ಖಾಲಿ ಗೋಡೆ ತೋರಿಸ್ಬೇಡಿ. ಮೂರನೇದು ಮತ್ತೆ ಅದೇ ಫೋನು, ಮೇಲು. ಒಂದನೇ ಹಂತದಲ್ಲಿ ಗೀಟು ಹಾಕಿದ ಪೇಪರ್ ಎಸೀಬೇಡಿ. ಅದರ ಪಕ್ಕದಲ್ಲೇ ಹೊಸ ಕಾಲಂ ಎಳೆದು ಇನ್ನೊಂದು ವಾರ ಗೀಟು ಹಾಕಿ, ಯಾವ ಪ್ರಶ್ನೆಯ ಗೀಟು ಇನ್ನೂ ಇಳಿದಿಲ್ವೋ ಆ ಪ್ರಶ್ನೆ ತಗೊಂಡು ಎರಡನೇ ಹಂತಕ್ಕೆ ವಾಪಸ್ ಹೋಗಿ.